ಸಮುದ್ರದ ತಳದಲ್ಲಿ ಕೂತ ಹುಡುಗಿಯ ತಲೆ ಬಾಚುವವರು ಯಾರು?

ಕಳೆದ ಆಷಾಢದ ಒಂದು ಸಂಜೆ. ಮಳೆ ಹಿಡಿದುಬಿಟ್ಟಿತ್ತು. ಕರೆಂಟ್ ಹೋಗಿ ಎರಡು ತಾಸಾಗಿತ್ತು. ಅಘನಾಶಿನಿ ತುಂಬಿ ಕೆಂಪು ನೀರು ಹರಿಯುತ್ತಿತ್ತು. ದೋಣಿಗಳೆಲ್ಲ ದಡ ಹತ್ತಿ, ತೆಂಗಿನ ಮಡ್ಲು ಹೊದ್ದು ಮಲಗಿದ್ದವು. ಕೇರಿಯ ಏಳೆಂಟು ಮಕ್ಕಳು ನಮ್ಮನೆ ಜಗಲಿಯಲ್ಲಿ ಕೂತು, "ಅಕ್ಕಾ, ಕತೆ ಹೇಳು" ಅಂತ ಶುರು ಮಾಡಿದರು. ನಾನು ಸೆಡ್ನಾಳ ಕತೆ ಹೇಳಿದೆ.

ಭೂಮಿಯ ಉತ್ತರದ ತುದಿಯಲ್ಲಿ, ಕೆನಡಾ, ಗ್ರೀನ್‌ಲ್ಯಾಂಡ್ ಕಡೆ ಇನ್ಯೂಟ್ ಅನ್ನುವ ಜನ ಇದ್ದಾರೆ. ಅಲ್ಲಿ ಭತ್ತ ಬೆಳೆಯುವ ಮಾತೇ ಇಲ್ಲ. ಸೀಲ್, ವಾಲ್ರಸ್, ತಿಮಿಂಗಿಲ ಸಿಕ್ಕರೆ ಊಟ, ಬಟ್ಟೆ, ದೀಪಕ್ಕೆ ಎಣ್ಣೆ. ಸಿಗದಿದ್ದರೆ ಉಪವಾಸ. ಅವರ ಕತೆಯ ಸೆಡ್ನಾ ಯಾವ ಗಂಡನ್ನೂ ಒಪ್ಪದ ಹುಡುಗಿ. ಕೊನೆಗೆ ಮನುಷ್ಯನ ರೂಪದಲ್ಲಿ ಬಂದ ಒಂದು ಕಡಲಹಕ್ಕಿ ಅವಳನ್ನು ಮದುವೆಯಾಗಿ ಕರೆದುಕೊಂಡು ಹೋಗುತ್ತದೆ. ಅಲ್ಲಿ ಸುಖ ಇಲ್ಲ. ಅಪ್ಪ ಬಂದು ಮಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಡುತ್ತಾನೆ. ಹಕ್ಕಿ ಸಿಟ್ಟಾಗಿ ಬಿರುಗಾಳಿ ಎಬ್ಬಿಸುತ್ತದೆ. ಹೆದರಿದ ಅಪ್ಪ, ತನ್ನ ಜೀವ ಉಳಿದರೆ ಸಾಕು ಅಂತ ಮಗಳನ್ನೇ ನೀರಿಗೆ ತಳ್ಳುತ್ತಾನೆ. ಅವಳು ದೋಣಿಯ ಅಂಚು ಹಿಡಿದುಕೊಳ್ಳುತ್ತಾಳೆ. ಅಪ್ಪ ಅವಳ ಬೆರಳು ಕತ್ತರಿಸುತ್ತಾನೆ. ಒಂದೊಂದೇ ಗೆಣ್ಣು. ಬಿದ್ದ ಗೆಣ್ಣುಗಳು ಸೀಲ್ ಆಗುತ್ತವೆ, ವಾಲ್ರಸ್ ಆಗುತ್ತವೆ, ತಿಮಿಂಗಿಲ ಆಗುತ್ತವೆ. ಅವಳು ಮುಳುಗಿ ಕಡಲ ತಳದಲ್ಲಿ ಕೂರುತ್ತಾಳೆ. ಕಡಲಿನ ಜೀವಗಳಿಗೆಲ್ಲ ಅವಳೇ ಒಡತಿ.

ಮೇಲಿನ ಮನುಷ್ಯರು ಕಟ್ಟಳೆ ಮೀರಿದರೆ ಆ ತಪ್ಪೆಲ್ಲ ಕೊಳೆಯಾಗಿ ಇಳಿದು ಅವಳ ಕೂದಲಿಗೆ ಅಂಟುತ್ತದೆ. ಬಾಚಿಕೊಳ್ಳೋಣ ಅಂದರೆ ಬೆರಳಿಲ್ಲ. ಸಿಟ್ಟಿನಿಂದ ಅವಳು ಎಲ್ಲ ಪ್ರಾಣಿಗಳನ್ನೂ ತನ್ನ ಹತ್ತಿರವೇ ಹಿಡಿದಿಡುತ್ತಾಳೆ. ಆಗ ಊರಿನ ಮಂತ್ರವಾದಿ ತನ್ನ ಜೀವವನ್ನು ಕಡಲ ತಳಕ್ಕೆ ಕಳಿಸಬೇಕು. ಅವಳ ಪಕ್ಕ ಕೂತು, ಸಮಾಧಾನ ಹೇಳಿ, ಸಿಕ್ಕು ಬಿಡಿಸಿ, ತಲೆ ಬಾಚಬೇಕು. ಬಾಚಿದ ಮೇಲೆ ಅವಳು ಪ್ರಾಣಿಗಳನ್ನು ಬಿಡುತ್ತಾಳೆ. ಊರಿಗೆ ಊಟ ಸಿಗುತ್ತದೆ.

ಮಕ್ಕಳು ಸುಮ್ಮನಾದರು. ಮೂಲೆಯಲ್ಲಿ ಒಣ ಸೀಗಡಿ ಆರಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದಳು, "ಪಾಪದ್ದು. ಹಂಗಾರೆ ಈಗ ಅದ್ರ ತಲೆ ಬಾಚೂದು ಯಾರು?"

ನನಗೆ ಉತ್ತರ ಬರಲಿಲ್ಲ. ಇನ್ಯೂಟ್ ಜನರಲ್ಲಿ ಹೆಚ್ಚಿನವರು ಈಗ ಕ್ರೈಸ್ತರು. 2003 ರಲ್ಲಿ ಸೌರಮಂಡಲದ ಅಂಚಿನಲ್ಲಿ ಸಿಕ್ಕ ಒಂದು ತಣ್ಣಗಿನ ಪುಟ್ಟ ಲೋಕಕ್ಕೆ ಸೆಡ್ನಾ ಅಂತ ಹೆಸರಿಟ್ಟಿದ್ದಾರೆ. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 11,000 ವರ್ಷ ಬೇಕು. ಇದನ್ನು ಹೇಳಿದೆ. ಅಜ್ಜಿಗೆ ಅದು ಬೇಕಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು, "ನಮ್ಮ ಕಡ್ಲೂ ಹಂಗೇಯ. ಮಳೆಗಾಲದಾಗೆ ತಲೆ ಕೆದರ್ಕಂಡು ಕೂತಿರ್ತದೆ. ಆಗ ಕೇಳೂಕೆ ಹೋಗೂಕಾಗ."

ನಲವತ್ತು ವರ್ಷ ಹೊಳೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಆರಿಸಿದ ಕೈ ಅವಳದ್ದು. ಜೂನ್, ಜುಲೈ ಎರಡು ತಿಂಗಳು ಬೋಟಿನ ಮೀನುಗಾರಿಕೆಗೆ ಸರ್ಕಾರದ ನಿಷೇಧ ಇದೆ. ಅದು ಬರುವ ಮೊದಲೂ ನಮ್ಮವರು ಮಳೆಗಾಲದ ಕಡಲಿಗೆ ಕೈ ಹಾಕುತ್ತಿರಲಿಲ್ಲ. ನೂಲಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು, ಕೈ ಮುಗಿದು, ಆಮೇಲೇ ಇಳಿಯುತ್ತಿದ್ದರು. ಹಾಗಾಗಿ ಸೆಡ್ನಾ ಯಾಕೆ ಸಿಟ್ಟಾದಳು ಅಂತ ಅಜ್ಜಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಕಳೆದ ವಾರ ಒಂದು ಮದುವೆ ಊಟದ ಪಂಕ್ತಿಯಲ್ಲಿ ಈ ಕತೆ ಹೇಳಿದೆ. ಎದುರು ಕೂತ ಹಿರಿಯರೊಬ್ಬರು, "ಅವೆಲ್ಲ ನಮ್ಮಿಂದಲೇ ಹೋಗಿದ್ದು. ಸೆಡ್ನಾ ಅಂದ್ರೆ ನಮ್ಮ ಗಂಗೆ" ಅಂದರು. ಪಕ್ಕದ ಹುಡುಗ ಮೊಬೈಲಿನಿಂದ ತಲೆ ಎತ್ತದೆ, "ಎಲ್ಲಾ ಕಟ್ಟುಕತೆ ಬಿಡಿ" ಅಂದ. ಇಬ್ಬರೂ ಒಳ್ಳೆಯವರೇ. ಆದರೆ ಇಬ್ಬರೂ ಆ ಹುಡುಗಿಯನ್ನು ನೋಡಲೇ ಇಲ್ಲ. ಒಬ್ಬರು ಅವಳ ಹೆಸರು ಅಳಿಸಿದರು. ಇನ್ನೊಬ್ಬ ಅವಳನ್ನೇ ಅಳಿಸಿದ. ಗಂಗೆಯ ಬೆರಳನ್ನು ಯಾವ ಅಪ್ಪ ಕತ್ತರಿಸಿದ್ದ?

ಬೇರೆಯವರ ದೇವರ ಕತೆ ಕೇಳುವಾಗ ನಮ್ಮ ಗೋಕರ್ಣದ ಕತೆಗೆ ಕೊಡುವಷ್ಟೇ ಮರ್ಯಾದೆ ಕೊಡಬೇಕು. ಅದು ಹುಟ್ಟಿದ ನೆಲ, ಅಲ್ಲಿಯ ಹಸಿವು, ಅಲ್ಲಿಯ ಚಳಿ ಎಲ್ಲ ಕಣ್ಣಮುಂದೆ ಇರಬೇಕು. ನನ್ನದು ಇಷ್ಟೇ ಮಾತು.

ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಲ್ಲಿ ಅದು ಗಟ್ಟಿಯಾಗಿಯೇ ಇದೆ. ವೇದದ ದ್ಯೌಷ್ಪಿತೃ, ಗ್ರೀಕರ ಜ್ಯೂಸ್ ಪಾಟೇರ್, ರೋಮಿನ ಜೂಪಿಟರ್, ಮೂರೂ ಒಂದೇ ಹಳೆಯ ಮಾತಿನ ಕವಲು. 'ಆಕಾಶ ತಂದೆ' ಅಂತ ಅರ್ಥ. ಈಗಿನ ಟರ್ಕಿಯ ಬೋಗಜ್‌ಕೋಯ್‌ನಲ್ಲಿ ಮಣ್ಣಿನ ಫಲಕಗಳು ಸಿಕ್ಕಿವೆ. ಸುಮಾರು 3,400 ವರ್ಷ ಹಿಂದೆ ಇಬ್ಬರು ರಾಜರು ಮಾಡಿಕೊಂಡ ಒಪ್ಪಂದ ಅವು. ಅದಕ್ಕೆ ಸಾಕ್ಷಿಯಾಗಿ ಕರೆದ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರು ಇದೆ. ಮೊದಲ ಸಲ ಓದಿದಾಗ ನನಗೆ ಮೈ ಝುಂ ಅಂದಿತ್ತು. ಇದು ಅಣ್ಣತಮ್ಮಂದಿರ ಮಕ್ಕಳ ನಡುವಿನ ಹೋಲಿಕೆ. ಒಬ್ಬರು ಇನ್ನೊಬ್ಬರಿಂದ ಕದ್ದಿದ್ದಲ್ಲ. ಆದರೆ ಇನ್ಯೂಟ್ ಭಾಷೆ ಈ ಮನೆತನಕ್ಕೆ ಸೇರಿದ್ದೇ ಅಲ್ಲ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ನಿಜವಾದ ನೆಂಟಸ್ತಿಕೆಯೂ ಕಾಣದೆ ಹೋಗುತ್ತದೆ.

ಹೋಲಿಕೆ ಕಂಡಾಗ ಖುಷಿ ಆಗೋದು ಸಹಜ. ನಮ್ಮ ಜಗಲಿಯಲ್ಲೂ ಹಾಗೇ ಆಯಿತು. ಮಕ್ಕಳಿಗೆ ಥಾರ್ ಗೊತ್ತು, ಸಿನಿಮಾದಿಂದ. ನಾನು ಹೇಳಿದ್ದು ಐಸ್‌ಲ್ಯಾಂಡಿನ ಹಳೆಯ ಹಾಡಿನ ಥಾರ್, ಗುಡುಗಿನ ದೇವರು. ಬೆಳಿಗ್ಗೆ ಎದ್ದು ನೋಡಿದರೆ ಅವನ ಸುತ್ತಿಗೆ ಇಲ್ಲ. ಥ್ರಿಮ್ ಅನ್ನುವ ರಕ್ಕಸ ಅದನ್ನು ಎಂಟು ಹರದಾರಿ ಆಳದಲ್ಲಿ ಹೂತಿದ್ದಾನೆ. ಫ್ರೇಯಾ ದೇವಿಯನ್ನು ಮದುವೆ ಮಾಡಿಕೊಟ್ಟರೆ ಮಾತ್ರ ಕೊಡುತ್ತಾನಂತೆ. ಇದನ್ನು ಕೇಳಿ ಫ್ರೇಯಾ ಎಷ್ಟು ಸಿಟ್ಟಾದಳು ಅಂದರೆ ಅವಳು ಬುಸುಗುಟ್ಟಿದ ರಭಸಕ್ಕೆ ಕೊರಳ ಹಾರವೇ ಹರಿದುಬಿತ್ತು. ಕೊನೆಗೆ ಥಾರನಿಗೇ ಮದುಮಗಳ ಬಟ್ಟೆ ಉಡಿಸಿ, ಮುಸುಕು ಹಾಕಿ ಕಳಿಸಿದರು. ಲೋಕಿ ಅನ್ನುವ ಚಾಲಾಕಿ ದಾಸಿಯಾಗಿ ಜೊತೆಗೆ ಹೋದ. ಮದುವೆ ಊಟದಲ್ಲಿ 'ಮದುಮಗಳು' ಒಂದು ಇಡೀ ಎತ್ತು, ಎಂಟು ದೊಡ್ಡ ಮೀನು ತಿಂದು, ಮೂರು ಪೀಪಾಯಿ ಮದ್ಯ ಕುಡಿದಳು! ರಕ್ಕಸ ಕಣ್ಣು ಬಿಟ್ಟ. "ನಿಮ್ಮ ಮೇಲಿನ ಆಸೆಗೆ ಪಾಪ, ಎಂಟು ರಾತ್ರಿ ಊಟ ಬಿಟ್ಟಿದ್ದಳು" ಅಂದ ಲೋಕಿ. ಮದುವೆಗೆ ಹರಸಲು ಸುತ್ತಿಗೆ ತಂದು ಮದುಮಗಳ ಮಡಿಲಲ್ಲಿ ಇಟ್ಟರು. ಅಷ್ಟೇ, ಮುಗಿಯಿತು ರಕ್ಕಸನ ಕತೆ.

ಆರನೇ ಕ್ಲಾಸಿನ ಒಬ್ಬ ಎದ್ದು ನಿಂತು ಕೂಗಿದ, "ಅಕ್ಕಾ, ಇದು ಕೀಚಕ ವಧೆ!"

ನಮ್ಮ ಕಡೆ ಹುಟ್ಟಿದ ಮಗು ಹಾಗೆ ಕೂಗದೆ ಇರುತ್ತದಾ? ಹೊನ್ನಾವರ, ಕುಮಟಾ ಕಡೆಯ ಗದ್ದೆಬಯಲಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡುತ್ತಾ ಕೂತವರ ಮಕ್ಕಳು ಇವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನ ಬಗ್ಗೆ ಅಪ್ಪಂದಿರು ಇನ್ನೂ ಮಾತಾಡುತ್ತಾರೆ. ಸೀರೆ ಉಟ್ಟ ಭೀಮ, ಕತ್ತಲೆಯ ನಾಟ್ಯಶಾಲೆ, ಮೋಹದಿಂದ ಕುರುಡಾಗಿ ಬರುವ ಕೀಚಕ.

ನಾನು ಆ ಹುಡುಗನ ಬೆನ್ನು ತಟ್ಟಿದೆ. ಆಮೇಲೆ ಕೇಳಿದೆ, ಎರಡೂ ಒಂದೇನಾ? ಥಾರ್ ಹೋಗಿದ್ದು ಕಳೆದುಹೋದ ತನ್ನ ಆಯುಧಕ್ಕೆ. ಭೀಮ ಹೋಗಿದ್ದು ಯಾಕೆ? ಒಬ್ಬಳು ಹುಡುಗಿ ಹೇಳಿದಳು, "ದ್ರೌಪದಿಗೆ ಸಭೆಯಲ್ಲಿ ಒದ್ದಿದ್ನಲ್ಲ, ಅದಕ್ಕೆ." ಹೌದು. ವಿರಾಟನ ಸಭೆಯಲ್ಲಿ ಎಲ್ಲರೆದುರು ಒದೆ ತಿಂದ ಹೆಂಗಸು ಅವಳು. ರಾಜ ಸುಮ್ಮನಿದ್ದ. ಗಂಡ ವೇಷ ಮರೆಸಿಕೊಂಡು ಅಲ್ಲೇ ಕೂತಿದ್ದ. ಐಸ್‌ಲ್ಯಾಂಡಿನ ಚಳಿಗಾಲದ ಉದ್ದ ರಾತ್ರಿಗೆ ನಗು ಬೇಕಿತ್ತು, ಆ ಹಾಡು ನಗಿಸುತ್ತದೆ. ನಮ್ಮ ಆಟದಲ್ಲೂ ಭೀಮನ ಸೀರೆ ನೋಡಿ ನಗುತ್ತೇವೆ. ಆದರೆ ಆ ನಗು ಪೂರ್ತಿ ಹೊರಗೆ ಬರುವುದಿಲ್ಲ. ಸೈರಂಧ್ರಿಯ ಅಳು ಅದಕ್ಕೂ ಮೊದಲೇ ಕೇಳಿಯಾಗಿರುತ್ತದೆ. ವೇಷ ಒಂದೇ, ಸಂಕಟ ಬೇರೆ. 'ಎರಡೂ ಒಂದೇ' ಅಂತ ಅಲ್ಲಿಗೇ ನಿಲ್ಲಿಸಿದ್ದರೆ ಆ ಹುಡುಗಿಯ ಬಾಯಿಂದ ದ್ರೌಪದಿಯ ಮಾತು ಬರುತ್ತಲೇ ಇರಲಿಲ್ಲ.

ಥಾರನ ಆ ಹಾಡು ಉಳಿದಿದ್ದು 13ನೇ ಶತಮಾನದ ಒಂದು ಚರ್ಮದ ಹಸ್ತಪ್ರತಿಯಲ್ಲಿ. 17ನೇ ಶತಮಾನದಲ್ಲಿ ಅದು ಡೆನ್ಮಾರ್ಕಿನ ರಾಜನಿಗೆ ಹೋಯಿತು. 1971ರ ಏಪ್ರಿಲ್‌ನಲ್ಲಿ ನೌಕಾಪಡೆಯ ಹಡಗಿನಲ್ಲಿ ಐಸ್‌ಲ್ಯಾಂಡಿಗೆ ವಾಪಸು ಬಂತು. ಅದನ್ನು ಎದುರುಗೊಳ್ಳಲು ಬಂದರಿನಲ್ಲಿ ಸಾವಿರಾರು ಜನ ಸೇರಿದ್ದರು. ಐಸ್‌ಲ್ಯಾಂಡ್ ಕ್ರೈಸ್ತ ದೇಶವಾಗಿ ಸಾವಿರ ವರ್ಷವೇ ಆಗಿದೆ. ಪೂಜೆ ನಿಂತ ದೇವರುಗಳ ಪುಸ್ತಕಕ್ಕೆ ಒಂದು ನಾಡು ಬಂದರಿಗೆ ಬಂದು ಕಾಯುತ್ತದೆ! 'ಕಟ್ಟುಕತೆ ಬಿಡಿ' ಅಂದ ಹುಡುಗನಿಗೆ ನಾನು ಇದನ್ನೇ ಹೇಳಬೇಕಿತ್ತು. ಅವತ್ತು ಹೊಳೆಯಲಿಲ್ಲ.

ಇನ್ನು ನೆಲದ ಕತೆ. ಪರಶುರಾಮ ಕೊಡಲಿ ಎಸೆದ, ಸಮುದ್ರ ಹಿಂದೆ ಸರಿಯಿತು, ನಮ್ಮ ಕರಾವಳಿ ಆಯಿತು. ಇದನ್ನು ಕೇಳದ ಮಗು ನಮ್ಮಲ್ಲಿಲ್ಲ. ಕೇರಳದವರು ತಮ್ಮ ಪರಶುರಾಮ ಕ್ಷೇತ್ರವನ್ನು ಗೋಕರ್ಣದಿಂದ ಕನ್ಯಾಕುಮಾರಿವರೆಗೆ ಅನ್ನುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಜನರ ನೆಲವೂ ಕಡಲಿನಿಂದಲೇ ಬಂದದ್ದು. ಮಾವಿ ಅನ್ನುವ ವೀರ ಅಜ್ಜಿಯ ದವಡೆ ಮೂಳೆಯನ್ನು ಗಾಳ ಮಾಡಿ, ಅಣ್ಣಂದಿರ ದೋಣಿಯಲ್ಲಿ ಕದ್ದು ಕೂತು ಹೋಗಿ, ಒಂದು ಭಾರಿ ಮೀನು ಎಳೆದ. ಆ ಮೀನೇ ಉತ್ತರ ದ್ವೀಪ. 'ಮಾವಿಯ ಮೀನು' ಅಂತಲೇ ಅದರ ಹೆಸರು. ದಕ್ಷಿಣ ದ್ವೀಪ ಅವನ ದೋಣಿ. ಇನ್ನೂ ಕೆಳಗಿನ ಸಣ್ಣ ದ್ವೀಪ ದೋಣಿಯ ಲಂಗರು ಕಲ್ಲು. ಮಾವಿ ಅತ್ತ ಹೋದಾಗ ಆಸೆಬುರುಕ ಅಣ್ಣಂದಿರು ಮೀನನ್ನು ಕೊಚ್ಚಿದರು. ಆ ಗಾಯಗಳೇ ಅಲ್ಲಿಯ ಬೆಟ್ಟ, ಕಣಿವೆ.

ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನ ಕೊಟ್ಟು, ನಿಲ್ಲಲು ಜಾಗವಿಲ್ಲದೆ ಕಡಲನ್ನು ಕೇಳಿದವನು ನಮ್ಮ ಪರಶುರಾಮ. ಕೈ ತುಂಬ ರಕ್ತ ಮೆತ್ತಿಕೊಂಡವನ ಕತೆ ಅದು. ಮಾವಿಯದ್ದು ಮನೆಯ ಕಿರಿಯ ಮಗನ ಕತೆ. 'ನಿನ್ನಿಂದ ಏನಾಗ್ತದೆ' ಅನ್ನಿಸಿಕೊಂಡವನು ಎಲ್ಲರಿಗಿಂತ ದೊಡ್ಡ ಮೀನು ಹಿಡಿದದ್ದು. ನಮ್ಮ ಕೇರಿಯ ಮಕ್ಕಳಿಗೆ ಮಾವಿ ತುಂಬಾ ಹಿಡಿಸಿದ. ದೋಣಿಯಲ್ಲಿ ಕದ್ದು ಕೂತು ಏಟು ತಿಂದವರು ಅಲ್ಲೇ ಮೂವರಿದ್ದರು.

ಮಾವೊರಿ ಮಗು ನಕಾಶೆ ನೋಡಿದರೆ ಮೀನಿನ ತಲೆ, ಬಾಲ ಕಾಣುತ್ತದೆ. ನಮಗೂ ಹಾಗೇ ಅಲ್ವಾ? ರಾವಣ ಹಿಡಿದು ಜಗ್ಗಿದ ಆತ್ಮಲಿಂಗ ಗೋಕರ್ಣದಲ್ಲಿ. ಅವನು ಸಿಟ್ಟಿನಲ್ಲಿ ಎಸೆದದ್ದು ಕಾರವಾರದ ಹತ್ತಿರ ಸಜ್ಜೇಶ್ವರ, ಕುಮಟಾದ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರುಡೇಶ್ವರ. ಬಸ್ಸಿನಲ್ಲಿ ಹೋಗುತ್ತಾ ಒಂದೊಂದೇ ಸ್ಟಾಪಿನಲ್ಲಿ ಕತೆ ಮುಂದುವರಿಯುತ್ತದೆ. ಇದನ್ನು ಯಾರಾದರೂ ದೂರದಿಂದ ಬಂದು 'ಇದು ನಮ್ಮ ಹರ್ಕ್ಯುಲಿಸನ ಕತೆ, ಇಲ್ಲಿಗೆ ಬಂದಿದೆ ಅಷ್ಟೇ' ಅಂದರೆ ನಮಗೆ ನೋಯುವುದಿಲ್ಲವಾ? ಗಣಪತಿಯ ತಲೆಯ ಮೇಲೆ ರಾವಣ ಗುದ್ದಿದ ಗುಳಿ ತೋರಿಸಿ ಬೆಳೆದವರು ನಾವು.

ಪ್ರಳಯದ ಕತೆಯಲ್ಲಂತೂ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1872 ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾರ್ಜ್ ಸ್ಮಿತ್ ಒಂದು ಮಣ್ಣಿನ ಫಲಕ ಓದಿದ. ಈಗಿನ ಇರಾಕಿನ ಕಡೆಯ ಹಳೆಯ ರಾಜ ಗಿಲ್ಗಮೇಶನ ಕತೆಯ ಹನ್ನೊಂದನೆಯ ಫಲಕ. ಅದರಲ್ಲಿ ಪ್ರಳಯದ ಗುಟ್ಟನ್ನು ಮನುಷ್ಯರಿಗೆ ಹೇಳುವಂತಿಲ್ಲ ಅಂತ ದೇವರುಗಳು ಆಣೆ ಮಾಡಿಕೊಂಡಿದ್ದಾರೆ. ಈಯ ಅನ್ನುವ ದೇವರು ಆಣೆ ಮುರಿಯದೆ, ಮನೆಯ ಗೋಡೆಗೆ ಹೇಳುತ್ತಾನೆ: "ಜೊಂಡಿನ ಗೋಡೆಯೇ, ಕೇಳು." ಒಳಗೆ ಮಲಗಿದವನಿಗೆ ಕೇಳಿಸುತ್ತದೆ. ಇರಾಕಿನ ಜೌಗು ಸೀಮೆಯಲ್ಲಿ ಇವತ್ತಿಗೂ ಜೊಂಡಿನ ಮನೆ ಕಟ್ಟುತ್ತಾರೆ. ಆ ಮಾತು ಅಲ್ಲೇ ಹುಟ್ಟಬೇಕು. ನಮ್ಮ ಮನುವಿಗೆ ಎಚ್ಚರಿಕೆ ಕೊಡುವುದು ಕೈ ತೊಳೆಯುವ ನೀರಲ್ಲಿ ಬಂದ ಪುಟ್ಟ ಮೀನು. ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ, ನನ್ನನ್ನು ಕಾಪಾಡು ಅನ್ನುತ್ತದೆ. ಅಲ್ಲಿ ಕೇಳಿಸುವುದು ದೇವರ ಪಿಸುಮಾತು. ಇಲ್ಲಿ ಒಂದು ಮರಿಮೀನಿನ ಹೆದರಿಕೆ.

ಇಷ್ಟು ಬರೆದ ಮೇಲೆ ನಮ್ಮ ಊರಿನ ದೈವಗಳಾದ ಚೌಡಿ, ಜಟಕರ ಬಗ್ಗೆ ಒಂದು ಮಾತು. ದೂರದ ದೇವರಿಗೆ ದೊಡ್ಡ ಹೆಸರು ಹಚ್ಚುವ ಅಭ್ಯಾಸ ಹತ್ತಿರದ ದೇವರನ್ನೂ ಬಿಟ್ಟಿಲ್ಲ. ಮರದ ಬುಡದ ಕಲ್ಲಿಗೆ ಸಿಮೆಂಟಿನ ಗುಡಿ ಬರುತ್ತದೆ, ಜೊತೆಗೆ ಹೊಸ ಹೆಸರೂ ಬರುತ್ತದೆ. ಆ ಜಟಕ ಯಾವ ಗಡಿ ಕಾಯುತ್ತಿದ್ದ, ಯಾಕೆ ಅಲ್ಲೇ ಕೂತ ಅನ್ನುವ ಕತೆ ಹೋಗಿಬಿಡುತ್ತದೆ. ಐಸ್‌ಲ್ಯಾಂಡಿನ ಹಳೆಯ ಕಟ್ಟಳೆಯೊಂದರ ಪ್ರಕಾರ, ನೆಲ ಕಾಣುವ ಮೊದಲೇ ಹಡಗಿನ ಮುಂದಿರುವ ಬಾಯಿ ತೆರೆದ ಮೃಗದ ತಲೆಯನ್ನು ತೆಗೆದಿಡಬೇಕಿತ್ತು. ಇಲ್ಲದಿದ್ದರೆ ನೆಲದ ಸಣ್ಣ ದೈವಗಳು ಹೆದರುತ್ತವಂತೆ. ನನಗೆ ಇದನ್ನು ಓದಿ ಕಣ್ಣು ತುಂಬಿತು. ನಮ್ಮ ಕೇರಿಯ ಅಂಚಿನ ಚೌಡಿಗೆ ಹೆದರಿಕೆ ಆಗಬಹುದು ಅಂತ ನಾವು ಯಾವತ್ತಾದರೂ ಯೋಚಿಸಿದ್ದೇವಾ?

ಮೊನ್ನೆ ಭಾನುವಾರ ನಾನು ಕುಮಟಾ ಪೇಟೆಗೆ ಹೋಗಿದ್ದೆ. ಬರುವಾಗ ತಡವಾಯಿತು. ಅಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. ಪಕ್ಕದ ಮನೆಯ ಹುಡುಗಿಯನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚುತ್ತಾ ಕತೆ ಹೇಳುತ್ತಿದ್ದಳು. ಹಿಮದೂರಿನಲ್ಲಿ ಒಂದು ಹುಡುಗಿ ಇತ್ತಂತೆ. ಅದರ ಅಪ್ಪ ಬೆರಳು ಕೊಯ್ದನಂತೆ. ಒಂದು ಗೆಣ್ಣು ಕೋರೆಹಲ್ಲಿನ ದೊಡ್ಡ ಮೀನು ಆಯಿತಂತೆ.

"ಮೀನಲ್ಲ ಅಜ್ಜೀ, ವಾಲ್ರಸ್ಸು" ಅಂದಳು ಹುಡುಗಿ.

"ಅಲ್ಲಾಡ್ಬೇಡ" ಅಂದಳು ಅಜ್ಜಿ. "ಸಿಕ್ಕು ಬಿಡಿಸ್ತಾ ಇದ್ದೆ."