ಬರಲಿಲ್ಲ ಅಂತಾರೆ, ಬಂದ ಅಂತಾರೆ

ಕಳೆದ ಸಲ ಊರಿಗೆ ಬಂದಾಗ ನನಗೆ ಜೋರು ಶೀತ. ಬಂದ ಮರುದಿನವೇ ಉಡುಪಿಯ ಸಂತೆಕಟ್ಟೆ ಹತ್ತಿರದ ಹಾಲ್‌ನಲ್ಲಿ ಒಂದು ಮದುವೆ. ಮಾಸ್ಕ್ ಹಾಕಿಕೊಂಡೇ ಹೋದೆ. ಸ್ಟೇಜ್ ಹತ್ತಿ ಫೋಟೋಗೆ ನಿಂತರೆ ದೊಡ್ಡಮ್ಮ ಸೀದಾ ಕೈ ಹಾಕಿ ಅದನ್ನು ಗಲ್ಲಕ್ಕೆ ಎಳೆದುಬಿಟ್ಟರು. "ಎಂತ ಮಾರಾಯ, ಜಪಾನಿನಲ್ಲಿ ಕೊರೊನಾ ಇನ್ನೂ ಮುಗೀಲಿಲ್ವಾ?" ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಸ್ವಲ್ಪ ಉರಿಯಿತು ಅನ್ನುವುದು ಬೇರೆ ಮಾತು.

ನಾನಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ. ಅಲ್ಲಿ ಶೀತ ಆದವರು ಮಾಸ್ಕ್ ಹಾಕುವುದು ಕೊರೊನಾಕ್ಕೂ ಮುಂಚಿನ ರೂಢಿ. 2023ರ ಮಾರ್ಚ್ 13ರಿಂದ ಮಾಸ್ಕ್ ನಿಮ್ಮಿಷ್ಟ ಎಂದು ಅಲ್ಲಿನ ಸರ್ಕಾರ ಹೇಳಿತು. ಅಂದು ಸೋಮವಾರ. ಬೆಳಗ್ಗೆ ರೈಲು ಹತ್ತಿದರೆ ಹೆಚ್ಚುಕಡಿಮೆ ಎಲ್ಲರ ಮುಖದಲ್ಲೂ ಮಾಸ್ಕ್ ಹಾಗೇ ಇತ್ತು. ಮೊದಲು ಯಾರು ತೆಗೀತಾರೆ ಅಂತ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದರು ಅಷ್ಟೇ.

ಜಪಾನಿನಲ್ಲಿ ನಮ್ಮ ಥರದ ಲಾಕ್‌ಡೌನ್ ಆಗಲೇ ಇಲ್ಲ. 2020ರ ಏಪ್ರಿಲ್ 7ಕ್ಕೆ ಟೋಕಿಯೊ, ಒಸಾಕಾ ಸೇರಿ ಏಳು ಪ್ರಾಂತ್ಯಗಳಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಹೆಸರು ಕೇಳಿಯೇ ಉಡುಪಿಯಲ್ಲಿ ಅಮ್ಮ ಗಾಬರಿ. ಅವರ ತಲೆಯಲ್ಲಿ 1975. ಆದರೆ ಜಪಾನಿನಲ್ಲಿ ಮನೆಯಿಂದ ಹೊರಗೆ ಬಂದವರಿಗೆ ದಂಡ ಇಲ್ಲ, ಲಾಠಿ ಇಲ್ಲ, ಬಸ್ಕಿ ಇಲ್ಲ. ದಯವಿಟ್ಟು ಬರಬೇಡಿ ಎಂದು ಕೇಳಿಕೊಂಡರು. ಜನ ಬರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಮಾಸ್ಕ್ ಇಲ್ಲದವರಿಗೆ ಪೇಟೆಯಲ್ಲಿ 1000 ರೂಪಾಯಿ ದಂಡ ಎಂದರು, ಜನ ಬೊಬ್ಬೆ ಹಾಕಿದ ಮೇಲೆ 250ಕ್ಕೆ ಇಳಿಸಿದರು. ಮಾಸ್ಕ್ ಮಾತ್ರ ಮೂಗಿಗೆ ಏರಲೇ ಇಲ್ಲ.

ಜಪಾನಿಯರಿಗೆ ಶಿಸ್ತು, ನಮಗಿಲ್ಲ ಅಂತ ಹೇಳಿ ಮುಗಿಸುವುದು ಸುಲಭ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ 33 ದೇಶಗಳ ಒಂದು ಅಧ್ಯಯನ ಬಂದಿತ್ತು. ಯಾವ ಸಮಾಜದಲ್ಲಿ ಕಟ್ಟುಪಾಡು ಎಷ್ಟು ಬಿಗಿ ಅಂತ ಅಳೆದದ್ದು. ಅದರಲ್ಲಿ ಭಾರತ ಜಪಾನಿಗಿಂತ ಬಿಗಿ! ಓದಿ ನಗು ಬಂತು. ಆಮೇಲೆ ಯೋಚಿಸಿದರೆ ಹೌದಲ್ವಾ ಅನ್ನಿಸಿತು. ಮದುವೆಗೆ ಹೋಗದೆ ಕೂರುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ?

ಜನ ಏನಂತಾರೋ ಎಂಬ ಹೆದರಿಕೆ ಎರಡೂ ಕಡೆ ಒಂದೇ. ಟೋಕಿಯೊದಲ್ಲಿ ಆ ಹೆದರಿಕೆ ಮನುಷ್ಯನನ್ನು ಮನೆಯಲ್ಲಿ ಕೂರಿಸುತ್ತದೆ: ಇಂಥ ಹೊತ್ತಲ್ಲೂ ಬಂದ ಅಂತಾರೆ. ಉಡುಪಿಯಲ್ಲಿ ಅದೇ ಹೆದರಿಕೆ ಹೊರಗೆ ತಳ್ಳುತ್ತದೆ: ಇಷ್ಟು ಕರೆದರೂ ಬರಲಿಲ್ಲ ಅಂತಾರೆ. 2020ರಲ್ಲಿ ಮದುವೆಗೆ ಐವತ್ತೇ ಜನ ಅಂತ ನಿಯಮ ಇತ್ತು. ನಮ್ಮ ಸಂಬಂಧಿಕರ ಮನೆಯ ಒಂದು ಮದುವೆಯನ್ನು ನಾನು ಫೋನಿನಲ್ಲಿ ನೋಡಿದೆ. ಬಾಗಿಲಲ್ಲಿ ಒಬ್ಬ ಹುಡುಗ ಜ್ವರ ನೋಡುವ ಗನ್ ಹಿಡಿದು ನಿಂತಿದ್ದ. ಬಿಸಿಲಲ್ಲಿ ಬಂದವರಿಗೂ 32 ಡಿಗ್ರಿ, ಎಸಿ ಕಾರಿಂದ ಇಳಿದವರಿಗೂ 32 ಡಿಗ್ರಿ. ಒಳಗೆ ಐವತ್ತೇ ಜನ, ಖಂಡಿತ. ಐವತ್ತು ಜನ ಉಂಡು ಎದ್ದ ಮೇಲೆ ಇನ್ನೊಂದು ಐವತ್ತು. ನಿಯಮ ಮುರಿದ ಹಾಗೂ ಆಗಲಿಲ್ಲ, ಯಾರನ್ನೂ ಬಿಟ್ಟ ಹಾಗೂ ಆಗಲಿಲ್ಲ. ಮುಖ ತೋರಿಸಲು ಬಂದವರು ಮುಖ ಮುಚ್ಚಿಕೊಂಡು ನಿಲ್ಲಲು ಆಗುತ್ತದಾ? ಮಾಸ್ಕ್ ಎಲ್ಲರ ಗಲ್ಲದಲ್ಲಿತ್ತು.

ಮರುವರ್ಷದ ಹೊತ್ತಿಗೆ ಎರಡೂ ಕಡೆ ಜನ ಸುಸ್ತಾಗಿದ್ದರು. ಆದರೆ ಸುಸ್ತಾದ ಬಗೆ ಬೇರೆ. ಟೋಕಿಯೊದಲ್ಲಿ 2021ರ ಜುಲೈ 12ಕ್ಕೆ ನಾಲ್ಕನೇ ತುರ್ತು ಪರಿಸ್ಥಿತಿ ಬಂತು. ಅದರ ನಡುವೆಯೇ ಒಲಿಂಪಿಕ್ಸ್. ನೀವು ಹೊರಗೆ ಬರಬೇಡಿ, ನಾವು ಕ್ರೀಡಾಕೂಟ ಮಾಡುತ್ತೇವೆ ಅಂದರೆ ಯಾರು ಕೇಳ್ತಾರೆ? ಬಾರ್ ಮುಚ್ಚಿದ್ದರೆ ಜನ ಡಬ್ಬಿ ಬಿಯರ್ ಹಿಡಿದು ರಸ್ತೆ ಬದಿ ನಿಂತು ಕುಡಿದರು. ಅವರಿಗೆ ಸರ್ಕಾರದ ಮಾತೇ ಸಾಕಾಗಿತ್ತು. ನಮ್ಮವರಿಗೆ ಸಾಕಾದದ್ದು ಕರೆದವರಿಗೆ ಇಲ್ಲ ಅನ್ನುವುದು. ಎಷ್ಟು ಸಲ ನೆಪ ಹೇಳುವುದು? ಮದುವೆ ಆಯಿತು, ದೈವದ ನೇಮ ಆಯಿತು, ಸೀಮಂತ ಆಯಿತು. 2022ರ ಜನವರಿಯಲ್ಲಿ ಮೂರನೇ ಅಲೆ, ವಾರಾಂತ್ಯ ಕರ್ಫ್ಯೂ ಎಲ್ಲ ಇದ್ದಾಗಲೇ 18ಕ್ಕೆ ಕೃಷ್ಣಾಪುರ ಮಠದ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಉತ್ಸವ, ಬಂತು. ಹೋಗಬೇಡಿ ಅಂತ ಅಮ್ಮನಿಗೆ ಫೋನ್ ಮಾಡಿದೆ. "ನೀನು ಅಲ್ಲಿ ಕೂತು ಹೇಳ್ತಿ" ಅಂದರು.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಒಂದು ಕಟ್ಟುನಿಟ್ಟು ಮಾತ್ರ ನಮ್ಮವರಿಗೆ ಬೇಸರ ಬರಿಸಲೇ ಇಲ್ಲ: ಹೊರಗಿನವರನ್ನು ತಡೆಯುವುದು. 2020ರ ಮಾರ್ಚಿನಲ್ಲಿ ಕಾಸರಗೋಡಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿ ಗಡಿ ದಾಟಲಾಗದೆ, ಮಂಗಳೂರಿನ ಆಸ್ಪತ್ರೆಗಳು ಅಷ್ಟು ಹತ್ತಿರ ಇದ್ದೂ ರೋಗಿಗಳು ಸತ್ತರು. ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರೇ ವಾಪಸ್ ಬಂದರು. ಜೂನ್ ಮೊದಲ ವಾರ ಉಡುಪಿಯ ಕೊರೊನಾ ಲೆಕ್ಕ ರಾಜ್ಯದಲ್ಲೇ ಮೇಲೆ ಹೋಯಿತು. ದೇವಸ್ಥಾನದ ಬ್ರಹ್ಮಕಲಶಕ್ಕೆ ದೇಣಿಗೆಯ ರಶೀದಿ ಪುಸ್ತಕ ಹಿಡಿದು ಯಾರ ಮನೆಗೆ ಹೋಗುತ್ತಿದ್ದರೋ ಅವರೇ ರಾತ್ರಿ ಬೆಳಗಾಗುವುದರೊಳಗೆ 'ಬೊಂಬಾಯಿಯವರು' ಆಗಿಬಿಟ್ಟರು.

ಜಪಾನಿನವರು ಇದರಲ್ಲಿ ಮೇಲೇನಲ್ಲ, ಅದನ್ನೂ ಹೇಳಬೇಕು. ಬೇರೆ ಪ್ರಾಂತ್ಯದ ನಂಬರ್ ಪ್ಲೇಟ್ ಕಂಡರೆ ಕಾರಿಗೆ ಗೀರು ಹಾಕುವವರಿದ್ದರು. ನಾನು ಇದೇ ಊರಿನವನು ಅಂತ ಕೆಲವರು ಕಾರಿಗೆ ಸ್ಟಿಕ್ಕರ್ ಅಂಟಿಸಿಕೊಂಡರು. ತೆರೆದಿದ್ದ ಅಂಗಡಿಗಳಿಗೆ ಬೈಗುಳದ ಚೀಟಿ ಬರುತ್ತಿತ್ತು.

ಇನ್ನು ದುಡ್ಡಿನ ಮಾತು. 2020ರಲ್ಲಿ ಜಪಾನ್ ಸರ್ಕಾರ ತಲೆಗೆ ಒಂದು ಲಕ್ಷ ಯೆನ್ ಕೊಟ್ಟಿತು, ವಿದೇಶಿಯಾದ ನನಗೂ. ಬೇಗ ಬಾಗಿಲು ಹಾಕಿದ ಹೋಟೆಲಿಗೆ ದಿನದ ಲೆಕ್ಕದಲ್ಲಿ ಪರಿಹಾರ. ಹಾಗೆ ಕೊಟ್ಟು ಕೇಳಿಕೊಂಡರೆ ಯಾರಾದರೂ ಮನೆಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಪತ್ತನಾಜೆಗೆ, ಅಂದರೆ ಯಕ್ಷಗಾನದ ತಿರುಗಾಟ ಮುಗಿಯುವ ದಿನಕ್ಕೆ, ಎರಡು ತಿಂಗಳು ಇರುವಾಗಲೇ ಮೇಳದವರು ಗೆಜ್ಜೆ ಬಿಚ್ಚಬೇಕಾಯಿತು. ಮಲ್ಪೆಯಲ್ಲಿ ಮೀನಿನ ಬೋಟು ನಿಂತರೆ ಅದರಲ್ಲಿ ದುಡಿಯುವ ಕಲಾಸಿಗಳಿಗೆ ಅವತ್ತಿನ ಪಾಲು ಇಲ್ಲ. ಅವರು ನಿಯಮಕ್ಕೆ ಬೇಸತ್ತರು ಅಂತ ನಾನು ಹೇಗೆ ಹೇಳಲಿ?

ಇದೊಂದನ್ನು ಬರೆಯದೇ ಮುಗಿಸೋಣ ಅಂತಿದ್ದೆ. ನನಗೆ ಕೊರೊನಾ ಬಂದಾಗ ಟೋಕಿಯೊ ಆಡಳಿತದಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಪೊಟ್ಟಣದ ಅನ್ನ, ಕಪ್ ನೂಡಲ್ಸ್, ಜ್ಯೂಸ್. ಬಾಗಿಲ ಹೊರಗಿಟ್ಟು ಹೋದರು. ವ್ಯವಸ್ಥೆಗೆ ಹೆಸರಿಡುವ ಹಾಗಿಲ್ಲ. ಪಕ್ಕದ ಮನೆಯವರು ಒಂದು ಮಾತು ಕೇಳಲಿಲ್ಲ, ನನಗೆ ತೊಂದರೆ ಆಗಬಾರದಲ್ಲ. 2021ರ ಎರಡನೇ ಅಲೆಯಲ್ಲಿ ಊರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಮಲಗಿದಾಗ ಪಕ್ಕದ ಮನೆಯ ಅಕ್ಕ ದಿನಾ ಎರಡು ಹೊತ್ತು ಗೇಟಿನ ಮೇಲೆ ಗಂಜಿ, ಚಟ್ನಿ ಇಟ್ಟು ಕೂಗಿ ಹೋಗುತ್ತಿದ್ದರು. ಮಾಸ್ಕ್ ಇರಲಿಲ್ಲವಂತೆ. ಆಮೇಲೆ ಮಳೆ ಮುಗಿಯುವ ಹೊತ್ತಿಗೆ ಅವರ ಮಗನ ಹೊಸ ಮನೆಯ ಒಕ್ಕಲು. ಊರಿಗೆ ಊರೇ ಕರೆದಿದ್ದರು. ಅಮ್ಮ ಹೋದರು, ಬಡಿಸಲಿಕ್ಕೂ ನಿಂತರಂತೆ. ಆ ಸಲ ನಾನು ಫೋನಿನಲ್ಲಿ ಏನೂ ಹೇಳಲಿಲ್ಲ.