ವಿಮ್, ಹೀಲಿಕ್ಸ್, ಇಮ್ಯಾಕ್ಸ್: ನನ್ನ ಓಟು ಯಾವುದಕ್ಕೆ?

ಮನೆಯಿಂದಲೇ ಕೋಡಿಂಗ್ ಕೆಲಸ ಮಾಡುವ ನಮ್ಮ ಕೊಡಗಿನ ಹುಡುಗರು ಆಗಾಗ ಕೇಳುತ್ತಾರೆ, ಮೌಸ್ ಮುಟ್ಟದೆ ಕೆಲಸ ಮಾಡಲು ಯಾವ ಎಡಿಟರ್ (ಕೋಡ್ ಬರೆಯುವ, ತಿದ್ದುವ ಸಾಫ್ಟ್‌ವೇರ್) ಕಲಿಯಬೇಕು ಅಂತ. ವಿಮ್, ಹೀಲಿಕ್ಸ್, ಇಮ್ಯಾಕ್ಸ್ ಮೂರೂ ಅಂಥವೇ. ನಾನು ಹೇಳುವುದು ಇಷ್ಟೇ: ಮೊದಲು ವಿಮ್ ಕೀಗಳು. ಉಳಿದದ್ದು ಆಮೇಲೆ.

ಬೇಗ ಟೈಪ್ ಮಾಡಲು ಅಲ್ಲ. ಹೊಸ ಕೋಡ್ ಬರೆಯುವುದಕ್ಕಿಂತ ಇದ್ದದ್ದನ್ನು ತಿದ್ದುವುದೇ ಜಾಸ್ತಿ, ಅಲ್ವಾ? ಕಾಫಿ ಗಿಡ ನೆಡುವುದು ಒಂದು ಸಲ, ಕಪಾತು ವರ್ಷಾ ವರ್ಷ. ವಿಮ್ ಇರುವುದು ಆ ಕಪಾತಿಗೆ. ಇದರಲ್ಲಿ ಬರೆಯುವ ಮೋಡ್ (ಇನ್ಸರ್ಟ್) ಬಿಟ್ಟು ಹೊರಗಿದ್ದಾಗ ಕೀಗಳೆಲ್ಲ ಕಮಾಂಡ್; ಎಸ್ಕೇಪ್ ಒತ್ತಿದರೆ ಆ ಮೋಡ್‌ನಿಂದ ಹೊರಗೆ. ಕೋಟ್ ಚಿಹ್ನೆಗಳ (" ") ಒಳಗೆ ಹಳೆಯ ವಿಳಾಸ ಇದೆ ಅಂದುಕೊಳ್ಳಿ. ಆ ಸಾಲಿಗೆ ಹೋಗಿ ಸಿ, ಐ, ಕೋಟ್ ಒತ್ತಿದರೆ ಒಳಗಿನದೆಲ್ಲ ಖಾಲಿ. ಹೊಸದನ್ನು ಬರೆದು ಎಸ್ಕೇಪ್ ಒತ್ತಿ. ಇನ್ನೊಂದು ಸಾಲಿಗೆ ಹೋಗಿ ಬರೀ ಚುಕ್ಕಿ ಒತ್ತಿದರೆ ಅದೇ ತಿದ್ದುಪಡಿ ಅಲ್ಲೂ ಆಗುತ್ತದೆ. ಈ ಚುಕ್ಕಿಯ ರುಚಿ ಹತ್ತಿದವರು ಮೌಸ್ ಕಡೆ ತಿರುಗಿ ನೋಡುವುದು ಕಡಿಮೆ.

ಹೀಲಿಕ್ಸ್ ಕಮಾಂಡ್‌ನ ಕ್ರಮವನ್ನೇ ತಿರುವುಮುರುವು ಮಾಡಿದೆ: ಮೊದಲು ಆಯ್ಕೆ, ಆಮೇಲೆ ಕೆಲಸ. ಪದ ಅಳಿಸಲು ವಿಮ್‌ನಲ್ಲಿ ಡಿ, ಡಬ್ಲ್ಯೂ. ಇಲ್ಲಿ ಡಬ್ಲ್ಯೂ, ಡಿ. ಏನು ಹೋಗುತ್ತದೆ ಅಂತ ಮೊದಲೇ ಕಣ್ಣಿಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಇದೇ ಒಳ್ಳೆಯ ಕ್ರಮ. ಸೆಟ್ಟಿಂಗ್ ತಲೆನೋವೂ ಕಡಿಮೆ. ವಿಮ್‌ನಿಂದಲೇ ಹುಟ್ಟಿದ ನಿಯೋವಿಮ್ ಹಾಕಿಕೊಂಡವರು ಲೂವಾ ಭಾಷೆಯ ಸೆಟ್ಟಿಂಗ್ ಫೈಲ್ ತಿದ್ದುತ್ತಾ ಭಾನುವಾರ ಪೂರ್ತಿ ಕಳೆಯುವುದನ್ನು ನೋಡಿದ್ದೇನೆ.

ಆದರೆ ನಮ್ಮ ಮಳೆಗಾಲ ಗೊತ್ತಲ್ಲ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಹೋಯಿತು, ಹಿಂದೆಯೇ ಟವರ್ ಕೂಡ. ನಾವು ಕೆಲಸ ಮಾಡುತ್ತಿರುವ ದೂರದ ಸರ್ವರ್ ಜೊತೆಗಿನ ಸಂಪರ್ಕ ಅರ್ಧದಲ್ಲೇ ಕಡಿಯುತ್ತದೆ. ವಿಮ್ 200 ಅಕ್ಷರಕ್ಕೊಮ್ಮೆ, ಅಥವಾ 4 ಸೆಕೆಂಡ್ ಸುಮ್ನೆ ಬಿಟ್ಟರೆ, ಸ್ವಾಪ್ ಫೈಲ್‌ಗೆ (ತಾತ್ಕಾಲಿಕ ನಕಲು) ಬರೆದಿಡುತ್ತದೆ. ಮತ್ತೆ ಫೈಲ್ ತೆರೆದಾಗ ಎಚ್ಚರಿಕೆ ಬರುತ್ತದೆ. ಆರ್ ಒತ್ತಿದರೆ ಉಳಿಸದ ಸಾಲುಗಳು ವಾಪಸ್. ಇಮ್ಯಾಕ್ಸ್ ಕೂಡ 300 ಅಕ್ಷರಕ್ಕೊಮ್ಮೆ ಇಂಥದ್ದೇ ನಕಲು ಇಡುತ್ತದೆ. ಆದರೆ ಗೊತ್ತಿಲ್ಲದ ಸರ್ವರ್‌ಗೆ ಹೊಕ್ಕಾಗ ವಿಮ್‌ನ ಮೂಲವಾದ ವಿಐ ಸಿಗುವ ಸಾಧ್ಯತೆಯೇ ಹೆಚ್ಚು, ಹೀಲಿಕ್ಸ್ ಸಿಗುವುದು ಅಪರೂಪ. 1976ರಲ್ಲಿ ಬಿಲ್ ಜಾಯ್ ವಿಐ ಬರೆದದ್ದೇ ನಿಧಾನದ ಮೋಡೆಮ್ ಲೈನ್ ಮೇಲೆ. ಅದಕ್ಕೆ ನಾಪೋಕ್ಲಿನ ಒಂದು ಕಡ್ಡಿ ನೆಟ್‌ವರ್ಕ್ ಯಾವ ಲೆಕ್ಕ!

ವಿಮ್ ಸೋಲುವುದು ಕನ್ನಡದಲ್ಲಿ. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಎಸ್ಕೇಪ್ ಒತ್ತಿ ಡಿ ಒತ್ತಿ ನೋಡಿ. ವಿಮ್‌ಗೆ ತಲುಪುವುದು ಒಂದು ಕನ್ನಡ ಅಕ್ಷರ, ಅದು ಕಮಾಂಡ್ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ವಿಮ್ ಓಡುವ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒತ್ತಕ್ಷರಗಳ ಅವಸ್ಥೆ ಬೇರೆ. ಇಮ್ಯಾಕ್ಸ್‌ನೊಳಗೇ ಕನ್ನಡ ಟೈಪಿಂಗ್ ಇದೆ, ಅದರದೇ ಕಿಟಕಿಯಲ್ಲಿ ಅಕ್ಷರ ಚೆನ್ನಾಗಿಯೂ ಕಾಣುತ್ತದೆ. ಈವಿಲ್ ಅನ್ನುವ ಪ್ಲಗಿನ್ ಸೇರಿಸಿಕೊಂಡರೆ ವಿಮ್ ಕೀಗಳೂ ಸಿಗುತ್ತವೆ, ಇನ್ಸರ್ಟ್‌ನಿಂದ ಹೊರಬಂದ ಕೂಡಲೇ ಕನ್ನಡ ತಾನೇ ಆಫ್ ಆಗುತ್ತದೆ. ಕನ್ನಡದಲ್ಲಿ ಏನಾದರೂ ಬರೆಯುವುದಿದ್ದರೆ ನಾನು ಅಲ್ಲೇ ಬರೆಯುವುದು.

ಶುರು ಮಾಡುವವರು ಯೂಟ್ಯೂಬ್ ವಿಡಿಯೋ ಹುಡುಕಬೇಡಿ. ವಿಮ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ (vimtutor) ಅಂತ ಕೊಡಿ. ಅರ್ಧ ಗಂಟೆಯ ಪಾಠ, ನೆಟ್ ಬೇಕಾಗಿಲ್ಲ.