ಗೇಟಿಗೆ ಅಡ್ಡ ಬಿದ್ದ ಸೌದೆ

ಕಾಫಿ ಕುಯ್ಲು ಮುಗಿದು, ಕಣ ಖಾಲಿಯಾಗಿ, ತೋಟಗಳಲ್ಲಿ ನೆರಳು ಮರದ ಕೊಂಬೆ ಸವರುವ ಮರಗಸಿ ಶುರುವಾದರೆ ಮೂಡಿಗೆರೆ, ಸಕಲೇಶಪುರ ಕಡೆ ಸಿಕ್ಕಿದವರೆಲ್ಲ ಕೇಳುವುದು ಒಂದೇ: ‘ಸೌದೆ ಆಯ್ತಾ?’ ಜೂನ್‌ನಲ್ಲಿ ಮಳೆ ಹಿಡಿದರೆ ಹಂಡೆ ಒಲೆ ಆರುವ ಹಾಗಿಲ್ಲ. ಒಡೆದ ಸೌದೆ ದುಬಾರಿ, ಉದ್ದುದ್ದ ದಿಮ್ಮಿ ಅಗ್ಗ. ಯಾಕೆ ಅಗ್ಗ ಅನ್ನುವುದು ಟ್ರ್ಯಾಕ್ಟರ್ ಸುರಿದು ಹೋದ ಮೇಲೆ ತಿಳಿಯುತ್ತದೆ.

‘ಎಲ್ಲಿ ಹಾಕ್ಲಿ ಗೌಡ್ರೇ?’ ಅಂತ ಡ್ರೈವರ್ ಕೇಳುತ್ತಾನೆ. ಜಗಲಿಯಿಂದ, ಕಾಫಿ ಲೋಟದ ಹಿಂದಿನಿಂದ, ‘ಅಲ್ಲೇ ಎಲ್ಲಾದ್ರೂ ಹಾಕಪ್ಪ’ ಎಂಬ ಉತ್ತರ. ಟ್ರ್ಯಾಕ್ಟರಿನವರ ಭಾಷೆಯಲ್ಲಿ ‘ಎಲ್ಲಾದ್ರೂ’ ಅಂದರೆ ಗೇಟಿನ ಬಾಯಿ. 10 ಅಡಿ ಉದ್ದ, 1 ಅಡಿ ದಪ್ಪದ ಹಸಿ ಸಿಲ್ವರ್ ಓಕ್ ದಿಮ್ಮಿ ಒಂದೂವರೆ ಕ್ವಿಂಟಲ್‌ಗೆ ಕಮ್ಮಿ ತೂಗುವುದಿಲ್ಲ. ಮರ ಕೊಯ್ಯುವ ಚೈನ್ ಮಿಷನ್ನಿನವನು ಬರುವ ತನಕ ಒಳಗಿದ್ದ ಕಾರು ಒಳಗೇ. ಅವನು ‘ನಾಳೆ ಬತ್ತೀನಿ’ ಅಂದಿರುತ್ತಾನೆ. ಯಾವ ನಾಳೆ ಅಂತ ಹೇಳಿರುವುದಿಲ್ಲ. ಲೋಡು ಬರುವ ಮೊದಲೇ ಜಾಗ ಗೊತ್ತುಮಾಡಿ, ನೆಲಕ್ಕೆ ಎರಡು ಅಡ್ಡಮರ ಹಾಕಿಟ್ಟು, ದಿಮ್ಮಿಗಳನ್ನು ಅದರ ಮೇಲೆ ಉರುಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈಗ ವ್ಯಾಪಾರಕ್ಕೆ ಬರೋಣ. ತೂಕಕ್ಕೆ ಕೊಳ್ಳುವವರು ಒಂದು ಲೆಕ್ಕ ಹಾಕಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಅಂಥ 1 ಟನ್ ಮರ ಶೇ 20ರ ತೇವಕ್ಕೆ ಒಣಗುವ ಹೊತ್ತಿಗೆ ಉಳಿಯುವುದು 625 ಕೆ.ಜಿ. ಬಾಕಿ 375 ಕೆ.ಜಿ. ಆವಿ. ಮಲೆನಾಡಿನವರು ದುಡ್ಡು ಕೊಟ್ಟು ನೀರು ತರಿಸಿಕೊಳ್ಳುವ ಅಪರೂಪದ ಸಂದರ್ಭ ಇದು. ಲೋಡಿನ ಲೆಕ್ಕವಾದರೆ ನೀರಿನ ಬದಲು ಗಾಳಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್ ಅಂದರೆ 120 ಘನ ಅಡಿ. ಸಂದುಗಳನ್ನು ಕಳೆದರೆ ನಿಜವಾದ ಮರ 70ರ ಆಸುಪಾಸು. ಡೊಂಕು ಕೊಂಬೆಗಳೇ ತುಂಬಿದ್ದರೆ ಇನ್ನೂ ಕಮ್ಮಿ, ನೋಡುವುದಕ್ಕೆ ಮಾತ್ರ ಗುಡ್ಡದಂತೆ.

ಜಾತಿಯೂ ಮುಖ್ಯ; ಮರದ್ದು. ಕಾಫಿ ಗಿಡದ ಬೊಡ್ಡೆ ಸಣ್ಣದಾದರೂ ಕೆಂಡ ಹಿಡಿದಿಡುತ್ತದೆ. ಸಿಲ್ವರ್ ಬೇಗ ಹತ್ತಿ ಬೇಗ ಮುಗಿಯುತ್ತದೆ. ಹಾಲುವಾಣ ನೀರು ಕುಡಿದ ಬೆಂಡು, ಉರಿಗಿಂತ ಹೊಗೆಯೇ ಜಾಸ್ತಿ. ಕರಿಗೇರು ಸೇರಿಕೊಂಡಿದ್ದರೆ ಅದರ ಸೊನೆ ತಾಗಿದಲ್ಲೆಲ್ಲ ಬೊಬ್ಬೆ. ಯಾರು ಸೌದೆ ಒಡೆದರು ಅಂತ ವಾರದವರೆಗೂ ಮುಖ ನೋಡಿಯೇ ಹೇಳಬಹುದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್, ಹಾಲುವಾಣಕ್ಕೆ ಕಡಿಯುವ ಅನುಮತಿ ಬೇಡ. ಆ ರಿಯಾಯಿತಿ ಎಲ್ಲ ಮರಕ್ಕೂ ಇಲ್ಲ. ಲೋಡಿನ ಅಡಿಯಲ್ಲಿ ಬೀಟೆ ತುಂಡು ಕಂಡರೆ, ಹಿಂದೆಯೇ ಅರಣ್ಯ ಇಲಾಖೆಯ ಜೀಪೂ ಬರಬಹುದು.

ಕೊಯ್ಯುವ ಮುಂಚೆ ಒಲೆ ಅಳೆಯಬೇಕು. ಎಲ್ಲರೂ ಅಳೆಯುತ್ತಾರೆ, ಕೊಯ್ದ ಮೇಲೆ. ಹಂಡೆ ಒಲೆ ಉದಾರಿ. 3 ಅಡಿಯ ಸೌದೆಯನ್ನೂ ತುದಿಯಿಂದ ಮುಂದೂಡುತ್ತಾ ಉರಿಸಬಹುದು, ನೂಕುವುದನ್ನು ಮರೆತರೆ ಬೆಂಕಿಯೇ ಬಚ್ಚಲಿಗೆ ನಡೆದು ಬರುತ್ತದೆ. ಬಾಗಿಲಿರುವ ಕಬ್ಬಿಣದ ಅಗ್ಗಿಷ್ಟಿಕೆ ಹಾಗಲ್ಲ, 1 ಇಂಚು ಹೆಚ್ಚಾದರೂ ಬಾಗಿಲು ಕೂರುವುದಿಲ್ಲ. ಒಳಗಿನ ಆಳಕ್ಕಿಂತ 3 ಇಂಚು ಕಮ್ಮಿ ಇಟ್ಟುಕೊಂಡು, ದಿಮ್ಮಿಯ ಉದ್ದವನ್ನು ಅದರಿಂದ ಭಾಗಿಸಿ. 10 ಅಡಿಗೆ 16 ಇಂಚಿನಂತೆ ಕೊಯ್ದರೆ ಏಳು ತುಂಡು, ಕೊನೆಗೊಂದು 8 ಇಂಚಿನ ಮೋಟು. 15 ಇಂಚಾದರೆ ಸರಿಯಾಗಿ ಎಂಟು. ಆ ಮೋಟುಗಳು ಒಲೆಗೂ ಬರುವುದಿಲ್ಲ, ಅಟ್ಟಿಗೂ ನಿಲ್ಲುವುದಿಲ್ಲ. ಕೂರುವುದಕ್ಕೆ ಆಗುತ್ತದೆ ಅಂತ ಎಲ್ಲರೂ ಎತ್ತಿಡುತ್ತಾರೆ, ಯಾರೂ ಕೂರುವುದಿಲ್ಲ.

ಇನ್ನು ಮಿಷನ್. ಬಾಡಿಗೆಗೆ ತಂದವರು ಮಾಡುವ ಮೊದಲ ಸಾಹಸ, ಬೈಕಿನ ಪೆಟ್ರೋಲನ್ನು ಹಾಗೇ ಸುರಿಯುವುದು. ಇದು ಟೂ ಸ್ಟ್ರೋಕ್. ಮಾಡೆಲ್ಲಿಗೆ ತಕ್ಕಂತೆ ಲೀಟರಿಗೆ 20ರಿಂದ 40 ಮಿ.ಲೀ. ಟೂ ಟಿ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಕಚ್ಚಿಕೊಂಡು, ಸೌದೆಗಿಂತ ರಿಪೇರಿ ದೊಡ್ಡದಾಗುತ್ತದೆ. ಚೈನಿನ ಆಯಿಲ್ ಬೇರೆ; ಪೆಟ್ರೋಲ್ ತುಂಬಿದಾಗೆಲ್ಲ ಅದನ್ನೂ ತುಂಬಬೇಕು. ಎರಡನೆಯ ಸಾಹಸ ಚೈನನ್ನು ಉಲ್ಟಾ ಹಾಕುವುದು. ಆಗ ಮಿಷನ್ ಭೋರ್ಗರೆಯುತ್ತದೆ, ಹೊಗೆ ಬರುತ್ತದೆ, ಊರೆಲ್ಲ ಕೇಳಿಸುತ್ತದೆ, ಮರ ಮಾತ್ರ ಹಾಗೇ ಇರುತ್ತದೆ. ಚೈನು ಸುತ್ತುವ ಉದ್ದ ಪಟ್ಟಿಗೆ ಬಾರು ಅನ್ನುತ್ತಾರೆ; ಬಾರಿನ ಮೇಲ್ಭಾಗದಲ್ಲಿ ಹಲ್ಲಿನ ಮೊನೆ ಮುಂದಕ್ಕೆ, ತುದಿಯ ಕಡೆ ನೋಡುತ್ತಿರಬೇಕು. ಚಕ್ಕೆ ಹಾರಿದರೆ ಹಲ್ಲು ಹರಿತ, ಗಂಧದಂತೆ ಪುಡಿ ಬಂದರೆ ಅರ ಹಿಡಿಯುವ ಹೊತ್ತು. ಕೆಳಗಿನ ಕಲ್ಲಿಗೆ ಒಮ್ಮೆ ತಾಗಿದರೆ ಸಾಕು, ಬೆಳಗ್ಗೆ ಹಾಕಿದ ಹರಿತ ಹೋಯಿತು. ಬೇಲಿ ಸಾಲಿನ ಸಿಲ್ವರ್ ಆದರೆ ಹೊಟ್ಟೆಯೊಳಗೆ ಹಳೆಯ ತಂತಿ, ಮೊಳೆ ನುಂಗಿಕೊಂಡಿರುತ್ತದೆ. ತೊಗಟೆಯ ಮೇಲೆ ಅಡ್ಡ ಗೆರೆ, ಕಪ್ಪು ಕಲೆ ಕಂಡರೆ ಅಲ್ಲಿ ಕೊಯ್ಯಬೇಡಿ. ಬಾರಿನ ಮೂತಿಯ ಮೇಲ್ತುದಿ ಮರಕ್ಕೆ ತಗುಲಿದರೆ ಮಿಷನ್ ಮುಖಕ್ಕೇ ಎಗರುತ್ತದೆ. ಇದರಲ್ಲಿ ತಮಾಷೆಯಿಲ್ಲ.

ಬಾರು ಸಿಕ್ಕಿಕೊಳ್ಳುವುದಂತೂ ನಿತ್ಯದ ಕಥೆ. ಎರಡೂ ತುದಿ ಆಧಾರದ ಮೇಲಿರುವ ದಿಮ್ಮಿ ನಡುವೆ ಬಾಗುತ್ತದೆ, ಮೇಲಿಂದ ಕೊಯ್ದಂತೆ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ತುದಿ ಜೋತಿದ್ದರೆ ಇದರ ತದ್ವಿರುದ್ಧ. ಸಿಕ್ಕಿಕೊಂಡರೆ ಮಿಷನ್ ಆಫ್ ಮಾಡಿ ಬೆಣೆ ಹೊಡೆಯಬೇಕು. ನಾಲ್ಕು ಜನ ಹಿಡಿದು ಎಳೆಯುವುದೇ ರೂಢಿ. ಕೊನೆಗೆ ಬಾರು ಬಾಗುತ್ತದೆ, ಐದನೆಯವನು ಬಂದು ‘ಬೆಣೆ ಹೊಡೀಬೇಕಿತ್ತು’ ಅನ್ನುತ್ತಾನೆ.

ಒಡೆಯುವಾಗ ದಪ್ಪ ತುಂಡಿನ ನಡುವಿಗೆ ಬಡಿಯದೆ ಅಂಚಿನಿಂದ ಸೀಳುತ್ತಾ ಬನ್ನಿ. ಗಂಟು ಕೆಳಗಿರಲಿ. ಕಾವು, ಅಂದರೆ ಮರದ ಹಿಡಿ, ಸಡಿಲವಾದರೆ ಕೊಡಲಿಯನ್ನು ಬಕೆಟ್ಟಿನಲ್ಲಿ ನೆನೆಹಾಕುವ ಪದ್ಧತಿ ಮನೆಮನೆಯಲ್ಲೂ ಇದೆ. ಅವತ್ತು ಬಿಗಿಯಾಗುತ್ತದೆ, ಒಣಗಿದಾಗ ಮೊದಲಿಗಿಂತ ಸಡಿಲ. ಹೊಸ ಬೆಣೆಯೇ ಮದ್ದು.

ಜೋಡಿಸಲು ಕೆಳಗೆ ಕಲ್ಲು, ಗೋಡೆಯಿಂದ ನಾಲ್ಕು ಬೆರಳು ದೂರ, ಮೇಲಷ್ಟೇ ಹೊದಿಕೆ. ಟಾರ್ಪಾಲನ್ನು ನೆಲದವರೆಗೆ ಸುತ್ತಿದರೆ ಸೌದೆ ಒಳಗೇ ಬೆವತು ಅಣಬೆ ಬೆಳೆಯುತ್ತದೆ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತು. ಕೊಟ್ಟಿಗೆಗೆ ಒಂದೇ ಬಾಗಿಲಿದ್ದರೆ ಹಳೆಯದನ್ನು ಮುಂದಕ್ಕೆ ತಂದೇ ಹೊಸದು ಹಾಕಬೇಕು. ಯಾರೂ ತರುವುದಿಲ್ಲ. ಹೋದ ವರ್ಷದ ಒಣ ಸೌದೆ ಹಿಂದಿನ ಗೋಡೆಗೆ ಒರಗಿಕೊಂಡಿರುತ್ತದೆ, ಅದರ ಮುಂದೆ ಛಾವಣಿ ಮುಟ್ಟುವಂತೆ ಹಸಿ ಸಿಲ್ವರ್. ಆರಿದ್ರಾ ಮಳೆ ಧೋ ಎಂದು ಸುರಿಯುವಾಗ, ಒಣ ಸೌದೆ ತೆಗೆಯಲೆಂದು ಹಸಿಯದನ್ನೆಲ್ಲ ಅಂಗಳಕ್ಕೆ ಹೊರುವ ಮೆರವಣಿಗೆ ಹೊರಡುತ್ತದೆ.